ಕೇಳಿದ್ದು ಅರ್ಥವಾಯಿತೇ? ಓದಿದ್ದು ತಿಳಿಯಿತೇ?

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಪ್ರೌಢಶಾಲಾ ಮಕ್ಕಳ ಇಂಗ್ಲಿಷ್ ಆಲಿಸುವ ಮತ್ತು ಓದುವ ಕೌಶಲಗಳನ್ನು ಪರೀಕ್ಷಿಸುವುದು ಹೇಗೆ ಎಂಬ ವಿಷಯದ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ಉರ್ದು ಮತ್ತು ಕನ್ನಡ ಕಲಿಸುವವರಿಗೆ ಇಂಗ್ಲಿಷಿನ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಗಮನವಿಟ್ಟು ಕೇಳುವುದು, ಅರ್ಥಮಾಡಿಕೊಂಡು ಓದುವುದು ಯಾವುದೇ ಒಂದು ಭಾಷೆಯ ಆಸ್ತಿಯಲ್ಲ. ಅದರ ಬುನಾದಿ ಬೀಳುವುದು ಮಾತೃಭಾಷೆಯಲ್ಲಿ, ನಂತರ ಉರ್ದು ಮತ್ತು ಕನ್ನಡದ ಪೀರಿಯಡ್‌ಗಳಲ್ಲಿ. ಆದ್ದರಿಂದ ಈ ಹೊಣೆ ಇಂಗ್ಲಿಷ್ ಶಿಕ್ಷಕರೊಬ್ಬರದೇ ಅಲ್ಲ.

ಮೊದಲಿಗೆ ನಿಮಗೆಲ್ಲ ಒಂದು ಸಣ್ಣ ಪರೀಕ್ಷೆ. ಈ ವಾಕ್ಯವನ್ನು ಕೇಳಿ: "ಝಿಂಬನು ತೊಳ್ಪಿಯನ್ನು ಗಮಲಿಸಿದನು." ಈಗ ಪ್ರಶ್ನೆ: ಝಿಂಬನು ಏನನ್ನು ಗಮಲಿಸಿದನು? "ತೊಳ್ಪಿಯನ್ನು" ಎಂದು ನೀವೆಲ್ಲ ಉತ್ತರ ಕೊಟ್ಟಿರಿ. ಪೂರ್ತಿ ಅಂಕ! ಆದರೆ ಝಿಂಬ ಯಾರು, ತೊಳ್ಪಿ ಎಂದರೇನು, ಗಮಲಿಸುವುದು ಹೇಗೆ? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಮೂರೂ ಶಬ್ದಗಳಿಗೆ ಅರ್ಥವೇ ಇಲ್ಲ. ನಮ್ಮ ಮಕ್ಕಳು ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಅನೇಕ ಸಲ ಮಾಡುವುದು ಇದನ್ನೇ. ಪ್ರಶ್ನೆಯಲ್ಲಿರುವ ಶಬ್ದ ಪಾಠದ ಯಾವ ಸಾಲಿನಲ್ಲಿದೆ ಎಂದು ಹುಡುಕುತ್ತಾರೆ, ಆ ಸಾಲನ್ನು ಹಾಗೆಯೇ ಬರೆಯುತ್ತಾರೆ. ಅಂಕ ಬರುತ್ತದೆ, ಅರ್ಥ ಬರುವುದಿಲ್ಲ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ಅವರು ಅದನ್ನೇ ಕಲಿಯುತ್ತಾರೆ.

ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ ನೋಡೋಣ. ಉರ್ದು ಮಾಧ್ಯಮದ ಮತ್ತು ಕನ್ನಡ ಮಾಧ್ಯಮದ ನಮ್ಮ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮೂರು ಗಂಟೆಯ ಆ ಲಿಖಿತ ಪರೀಕ್ಷೆಯಲ್ಲಿ ಕಿವಿಗೆ ಕೆಲಸವೇ ಇಲ್ಲ. ಮೊದಲು ನೋಡಿರದ ಗದ್ಯಭಾಗವೊಂದನ್ನು ಓದಿ ಉತ್ತರಿಸಲು ಇರುವುದು ಕೆಲವೇ ಅಂಕಗಳು. ಉಳಿದದ್ದು ಪಾಠದ ಪ್ರಶ್ನೆ, ವ್ಯಾಕರಣ, ಪತ್ರ, ಪ್ರಬಂಧ, ಬಾಯಿಪಾಠದ ಪದ್ಯ. ಹೀಗಾಗಿ ಗೈಡ್ ಮತ್ತು 'ಪಾಸಿಂಗ್ ಪ್ಯಾಕೇಜ್' ಹಿಡಿದ ಮಗುವೂ ದಡ ಸೇರುತ್ತದೆ. ಆಲಿಸುವಿಕೆಯನ್ನು ಆಂತರಿಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ನೋಡಲು ಅವಕಾಶವಿದೆ. ಆದರೆ ಎಷ್ಟೋ ಕಡೆ ಅದು ಹಾಳೆಯ ಮೇಲಿನ ಅಂಕವಾಗಿ ಮುಗಿದುಹೋಗುತ್ತದೆ ಎಂಬುದು ಇಲ್ಲಿ ಕುಳಿತಿರುವ ನಮಗೆಲ್ಲರಿಗೂ ತಿಳಿದ ಮಾತು.

ಇದರ ಬೆಲೆ ತೆರುವ ದಿನ ಬೇಗನೆ ಬರುತ್ತದೆ. ಒಳ್ಳೆಯ ಅಂಕ ಪಡೆದ ಹುಡುಗಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ಹತ್ತು ವರ್ಷ ಉರ್ದು ಅಥವಾ ಕನ್ನಡದಲ್ಲಿ ವಿಜ್ಞಾನ ಕಲಿತ ಅವಳಿಗೆ ವಿಷಯ ಕಷ್ಟವಲ್ಲ, ಉಪನ್ಯಾಸಕರ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಕೆಲವೇ ವಾರಗಳಲ್ಲಿ "ನನಗೆ ವಿಜ್ಞಾನ ಆಗುವುದಿಲ್ಲ" ಎಂದು ಅವಳು ತೀರ್ಮಾನಿಸುತ್ತಾಳೆ. ಮನೆಯವರೂ ಹೌದೆನ್ನುತ್ತಾರೆ. ಅವಳಿಗೆ ಆಗದಿದ್ದದ್ದು ವಿಜ್ಞಾನವಲ್ಲ, ಇಂಗ್ಲಿಷ್ ಕೇಳುವುದು. ಇದನ್ನು ಎಂಟನೇ ತರಗತಿಯಲ್ಲಿಯೇ ಒಂದು ಸರಿಯಾದ ಪರೀಕ್ಷೆಯಿಂದ ತಿಳಿದುಕೊಂಡಿದ್ದರೆ ಸರಿಪಡಿಸಲು ಮೂರು ವರ್ಷಗಳ ಕಾಲಾವಕಾಶ ಸಿಗುತ್ತಿತ್ತು.

ಈಗ ಓದುವ ಕೌಶಲಕ್ಕೆ ಬರೋಣ. ಗಟ್ಟಿಯಾಗಿ, ತಡೆಯಿಲ್ಲದೆ ಓದಿದರೆ ಮಗುವಿಗೆ ಓದಲು ಬರುತ್ತದೆ ಎಂದು ನಾವು ನಂಬುತ್ತೇವೆ. ನಮ್ಮ ಮಕ್ಕಳು ಮಕ್ತಬಿನಲ್ಲಿ ನಾಝಿರಾ ಕಲಿತವರು. ಅಲ್ಲಿ ಅಕ್ಷರದ ಉಚ್ಚಾರ ಶುದ್ಧವಾಗಿರಬೇಕು ಎಂಬುದಕ್ಕೇ ಮೊದಲ ಸ್ಥಾನ. ಅದಕ್ಕೆ ಅದರದೇ ಆದ ಉದ್ದೇಶವಿದೆ, ಗೌರವವಿದೆ. ಅರ್ಥದ ಕಲಿಕೆ ಅಲ್ಲಿ ಬೇರೆಯಾಗಿ ಬರುತ್ತದೆ. ಆದರೆ ಅದೇ ಅಭ್ಯಾಸ ಇಂಗ್ಲಿಷ್ ಪುಸ್ತಕಕ್ಕೂ ಬಂದರೆ ಮಗು ಪುಟವನ್ನೆಲ್ಲ ಸರಾಗವಾಗಿ ಓದಿ, ಕೊನೆಗೆ ಏನು ಓದಿದೆ ಎಂದು ಕೇಳಿದಾಗ ಸುಮ್ಮನಾಗುತ್ತದೆ.

ಇದು ನಮ್ಮ ಸಮುದಾಯದ ಸಮಸ್ಯೆ ಮಾತ್ರವಲ್ಲ. 'ಪ್ರಥಮ್' ಸಂಸ್ಥೆಯವರು 2023ರಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ನಡುವೆ ನಡೆಸಿದ 'ಅಸರ್' ಸಮೀಕ್ಷೆಯನ್ನು ನೋಡಿ. ಇಂಗ್ಲಿಷಿನ ಸರಳ ವಾಕ್ಯಗಳನ್ನು ಓದಬಲ್ಲವರು ಶೇ. 57.3. ಹಾಗೆ ಓದಿದವರಲ್ಲಿ ಅರ್ಥವನ್ನೂ ಹೇಳಬಲ್ಲವರು ಶೇ. 73.5. ಅಂದರೆ ಓದಿದ ನಾಲ್ವರಲ್ಲಿ ಒಬ್ಬರಿಗೆ ಓದಿದ್ದು ತಿಳಿದಿರಲಿಲ್ಲ. ಆ ಸಮೀಕ್ಷೆ ಓದುವುದನ್ನೂ ಅರ್ಥವನ್ನೂ ಬೇರೆಬೇರೆಯಾಗಿ ಕೇಳಿತು, ಆದ್ದರಿಂದಲೇ ಈ ವ್ಯತ್ಯಾಸ ಕಣ್ಣಿಗೆ ಬಿತ್ತು.

ಆಲಿಸುವ ಪರೀಕ್ಷೆಗೆ ನೆರೆಯ ಚೀನಾ ದೇಶದ ಉದಾಹರಣೆ ತೆಗೆದುಕೊಳ್ಳುತ್ತೇನೆ. ಅಲ್ಲಿ ಪ್ರೌಢಶಿಕ್ಷಣ ಮುಗಿಸಿದವರು ಪ್ರತಿ ವರ್ಷ ಜೂನ್ ತಿಂಗಳಲ್ಲಿ 'ಗಾವೋಕಾವೋ' ಎಂಬ ಪ್ರವೇಶ ಪರೀಕ್ಷೆ ಬರೆಯುತ್ತಾರೆ. 2024ರಲ್ಲಿ ಇದಕ್ಕೆ ಹೆಸರು ಕೊಟ್ಟವರು ಸುಮಾರು 1 ಕೋಟಿ 34 ಲಕ್ಷ. ರಾಷ್ಟ್ರಮಟ್ಟದ ಇಂಗ್ಲಿಷ್ ಪತ್ರಿಕೆಗೆ 150 ಅಂಕಗಳು, ಅದರಲ್ಲಿ 30 ಆಲಿಸುವಿಕೆಗೆ. ಒಟ್ಟು 20 ಪ್ರಶ್ನೆಗಳು. ಮೊದಲ ಐದು ಸಣ್ಣ ಸಂಭಾಷಣೆಗಳನ್ನು ಒಂದೇ ಸಲ ಕೇಳಿಸುತ್ತಾರೆ, ಆನಂತರದ ದೊಡ್ಡ ಸಂಭಾಷಣೆಗಳನ್ನು ಎರಡು ಸಲ. ಆ ಹೊತ್ತಿನಲ್ಲಿ ಪರೀಕ್ಷಾ ಕೇಂದ್ರದ ಸುತ್ತ ವಾಹನಗಳು ಹಾರ್ನ್ ಹಾಕುವಂತಿಲ್ಲ. ಎಷ್ಟೋ ಊರುಗಳಲ್ಲಿ ಕಟ್ಟಡದ ಕೆಲಸವನ್ನೂ ನಿಲ್ಲಿಸುತ್ತಾರೆ. ಮಕ್ಕಳ ಕಿವಿಗೆ ಒಂದು ದೇಶ ಕೊಡುವ ಮರ್ಯಾದೆ ಇದು.

ಹಾಗೆಂದು ಅದನ್ನೇ ಕಣ್ಣುಮುಚ್ಚಿ ನಕಲು ಮಾಡಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಪ್ರತಿ ಪ್ರಶ್ನೆಗೆ ಮೂರು ಉತ್ತರಗಳಿದ್ದು ಒಂದನ್ನು ಗುರುತಿಸಬೇಕು. ಏನೂ ಕೇಳಿಸಿಕೊಳ್ಳದೆ ಗುರುತು ಹಾಕಿದವನಿಗೂ 20ರಲ್ಲಿ ಆರೇಳು ಸರಿಯಾಗಬಹುದು. ಓದಲು ಬರೆಯಲು ಬಂದರೂ ಮಾತನಾಡಲು ಬಾರದ ಸ್ಥಿತಿಗೆ ಚೀನೀಯರೇ 'ಮೂಕ ಇಂಗ್ಲಿಷ್' ಎಂದು ಹೆಸರಿಟ್ಟಿದ್ದಾರೆ. ನಾವು ಕಲಿಯಬೇಕಾದದ್ದು ಇಷ್ಟೇ: ಪರೀಕ್ಷೆಯಲ್ಲಿ ಆಲಿಸುವಿಕೆಗೆ ಜಾಗವಿದ್ದರೆ ತರಗತಿಯಲ್ಲಿಯೂ ಜಾಗ ಸಿಗುತ್ತದೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕಿಂತ ಹತ್ತಿರದ ಪಾಠವಿದೆ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್‌ನ ನೆರವಿನಿಂದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾ ಶಿಕ್ಷಕರು ಅದನ್ನು ಇಂದಿಗೂ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ವ್ಯಾಕರಣ ಸೂತ್ರಗಳ ಬದಲು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನಿಟ್ಟು, ಇಂಗ್ಲಿಷಿನಲ್ಲಿ ಕೇಳಿ ಓದಿ ಲೆಕ್ಕ ಬಿಡಿಸುವಂತೆ ಮಾಡಿದರು. ಕೊನೆಯಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ವಿದ್ವಾಂಸರು ಈ ಮಕ್ಕಳನ್ನೂ ಹಳೆಯ ಪದ್ಧತಿಯ ಮಕ್ಕಳನ್ನೂ ಹಲವು ರೀತಿಯ ಪರೀಕ್ಷೆಗಳಿಂದ ಹೋಲಿಸಿದರು. ಆಲಿಸಿ ಮತ್ತು ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯೂ ಅವುಗಳಲ್ಲಿತ್ತು. ಒಂದೇ ಪರೀಕ್ಷೆ ಇಟ್ಟರೆ ಅದು ಒಂದು ಪಕ್ಷಕ್ಕೆ ಅನುಕೂಲವಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ಒಂದೇ ಅಂಕದಿಂದ ಮಗುವನ್ನು ಅಳೆಯುವ ನಮಗೆ ಇದು ನೆನಪಿರಬೇಕು.

ಹಾಗಾದರೆ ನಮ್ಮ ಮೂರು ತಾಲೂಕುಗಳ ಶಾಲೆಗಳಲ್ಲಿ ನಾವೇನು ಮಾಡಬಹುದು? ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಹೆಚ್ಚಿನ ಖರ್ಚೂ ಇಲ್ಲ.

ಮೊದಲನೆಯದು, ಪರೀಕ್ಷೆಯ ಸಾಮಗ್ರಿ ನಮ್ಮ ಸುತ್ತಲಿನದಾಗಿರಲಿ. ಕೊಂಕಣ ರೈಲು 1998ರಿಂದ ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಮೂಲಕ ಓಡುತ್ತಿದೆ. ನಿಲ್ದಾಣದ ಪ್ರಕಟಣೆಯಂಥ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿ. ರೈಲು ತಡವಾಗಿರುವುದು 'ಫಿಫ್ಟೀನ್' ನಿಮಿಷವೋ, 'ಫಿಫ್ಟಿ' ನಿಮಿಷವೋ? ಯಾವ ಪ್ಲಾಟ್‌ಫಾರ್ಮ್? ಓದುವುದಕ್ಕೆ ಔಷಧದ ಪೊಟ್ಟಣದ ಮೇಲಿನ ಸೂಚನೆ, ಬ್ಯಾಂಕಿನ ಚಲನ್, ವಿಮಾನದ ಟಿಕೆಟ್ ಇವೆ. ಗಲ್ಫಿನಲ್ಲಿ ದುಡಿಯುವವರಿರುವ ನಮ್ಮ ಮನೆಗಳಲ್ಲಿ ಇಂಥ ಕಾಗದಗಳಿಗೆ ಕೊರತೆಯಿಲ್ಲ.

ಎರಡನೆಯದು, ಉತ್ತರವನ್ನು ಮಗುವಿಗೆ ಬರುವ ಭಾಷೆಯಲ್ಲಿ ಹೇಳಲು ಬಿಡಿ. ಉರ್ದುವಾಗಲಿ, ಕನ್ನಡವಾಗಲಿ, ನವಾಯತಿಯಾಗಲಿ, ಕೊಂಕಣಿಯಾಗಲಿ, ಅಥವಾ ಚಿತ್ರ ಬರೆದು ತೋರಿಸಲಿ. ನಾವು ಅಳೆಯಲು ಹೊರಟಿರುವುದು ಕಿವಿ ಮತ್ತು ಕಣ್ಣಿನ ಕೆಲಸವನ್ನು. ಇಂಗ್ಲಿಷಿನಲ್ಲಿಯೇ ಬರೆ ಎಂದರೆ ಅದು ಬರವಣಿಗೆಯ ಪರೀಕ್ಷೆಯಾಯಿತು. ಹಾಗೆಯೇ ಗಟ್ಟಿಯಾಗಿ ಓದುವಾಗ 'ಸ್ಟೇಶನ್' ಎನ್ನುವ ಬದಲು 'ಇಸ್ಟೇಶನ್' ಎಂದ ಉರ್ದು ಮನೆಯ ಮಗುವಿನ ಅಂಕ ಕಡಿಯಬೇಡಿ. ಅದಕ್ಕೆ ಅರ್ಥ ಗೊತ್ತಿದೆ. ನಮ್ಮ ಭಾಷೆಗಳು ಅಡ್ಡಿಯಲ್ಲ, ಆಸರೆ. 'ಜ' ಮತ್ತು 'ಝೆ' ಧ್ವನಿಗಳ ವ್ಯತ್ಯಾಸವನ್ನು ಉರ್ದು ಬಲ್ಲ ಕಿವಿ ಬೇಗ ಹಿಡಿಯುತ್ತದೆ. ಹ್ರಸ್ವ ದೀರ್ಘಗಳ ವ್ಯತ್ಯಾಸ ಕನ್ನಡ ಬಲ್ಲ ಕಿವಿಗೆ ಸುಲಭ. ಉರ್ದುವಿನ ಇಮ್ಲಾ, ಕನ್ನಡದ ಉಕ್ತಲೇಖನ ಎರಡೂ ಆಲಿಸುವಿಕೆಗೆ ಹಳೆಯ ತಾಲೀಮು. ಅವನ್ನು ಬಿಡದೆ ನಡೆಸೋಣ.

ಮೂರನೆಯದು, ಧ್ವನಿ ಬದಲಾಗಲಿ. ತಮ್ಮ ಟೀಚರ್ ಹೇಳಿದ್ದು ಮಕ್ಕಳಿಗೆ ಅರ್ಧ ಮುಖ ನೋಡಿಯೇ ತಿಳಿಯುತ್ತದೆ. ಕುಮಟಾದ ಶಿಕ್ಷಕಿ ಮೊಬೈಲಿನಲ್ಲಿ ಎರಡು ನಿಮಿಷ ಓದಿ ಭಟ್ಕಳಕ್ಕೆ ಕಳುಹಿಸಲಿ, ಭಟ್ಕಳದವರು ಹೊನ್ನಾವರಕ್ಕೆ ಕಳುಹಿಸಲಿ. ಮೊದಲು ಪ್ರಶ್ನೆಗಳನ್ನು ತೋರಿಸಿ, ನಂತರ ಎರಡು ಸಲ ಕೇಳಿಸಿ. ಒಂದು ಎಚ್ಚರಿಕೆ: ಜೂನ್ ಜುಲೈ ಮಳೆ ನಮ್ಮ ಹೆಂಚಿನ ಮತ್ತು ತಗಡಿನ ಮಾಡಿನ ಮೇಲೆ ಸುರಿಯುವಾಗ ಹಿಂದಿನ ಬೆಂಚಿಗೆ ಏನೂ ಕೇಳಿಸದು. ಅಂದು ಓದುವ ಪರೀಕ್ಷೆ ಮಾಡಿ, ಆಲಿಸುವುದನ್ನು ಮಳೆ ಬಿಟ್ಟ ದಿನಕ್ಕೆ ಇಡಿ. ಮಳೆಯಿಲ್ಲದ ದಿನವೂ, ತನ್ನ ಮನೆಮಾತಿನಲ್ಲಿ ಹೇಳಿದರೂ ಒಂದು ಮಗು ಮತ್ತೆ ಮತ್ತೆ ತಪ್ಪಿದರೆ ಮೊದಲು ಅದರ ಕಿವಿಯನ್ನು ವೈದ್ಯರಿಗೆ ತೋರಿಸಿ. ಓದುವಾಗ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ ಮಗುವಿಗೆ ಬೇಕಾದದ್ದು ಟ್ಯೂಷನ್ ಅಲ್ಲ, ಕನ್ನಡಕ.

ನಾಲ್ಕನೆಯದು, ಆಲಿಸಿದ್ದಕ್ಕೆ ಒಂದು ಅಂಕ, ಓದಿದ್ದಕ್ಕೆ ಒಂದು ಅಂಕ ಎಂದು ಎರಡು ಕಾಲಂ ಬೇರೆ ಬೇರೆ ಇಡಿ. ಕೂಡಿಸಬೇಡಿ, ರ‍್ಯಾಂಕ್ ಹಚ್ಚಬೇಡಿ. ಓದಿನಲ್ಲಿ ಮುಂದಿದ್ದು ಆಲಿಸುವುದರಲ್ಲಿ ಹಿಂದಿರುವ ಮಗುವಿಗೆ ಕೊಡಬೇಕಾದ ಔಷಧ ಬೇರೆ, ಆಲಿಸಿ ಅರ್ಥಮಾಡಿಕೊಂಡರೂ ಓದಲಾರದ ಮಗುವಿಗೆ ಬೇರೆ. ಒಟ್ಟು ಅಂಕ ಆ ಎರಡು ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ಒಂದೇ ಮಾತು. ಪರೀಕ್ಷೆ ಕೇಳಲಿ ಬಿಡಲಿ, ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ನಿಮ್ಮ ಮನೆಮಾತಿನಲ್ಲಿ ತಾಯಿಗೆ ಹೇಳಿ. ಹೇಳಲು ಬಂದರೆ ನೀವು ಪಾಸು. ಬಾರದಿದ್ದರೆ ಮತ್ತೊಮ್ಮೆ ಓದಿ, ನಾಚಿಕೆ ಬೇಡ. ತಾಯಂದಿರೇ, ನಿಮಗೆ ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ. "ಏನು ಓದಿದೆ, ಹೇಳು" ಎಂದು ಕೇಳುವುದೇ ದೊಡ್ಡ ಪರೀಕ್ಷೆ.

ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಸ್ಥಾಪಿಸಿದ ಹಿರಿಯರ ಕಾಲದಲ್ಲಿ ಮಕ್ಕಳು ಶಾಲೆಗೆ ಬರಬೇಕು ಎಂಬುದೇ ದೊಡ್ಡ ಚಿಂತೆಯಾಗಿತ್ತು. ಇಂದು ನಮ್ಮ ಮಕ್ಕಳು ಶಾಲೆಗೆ ಬರುತ್ತಿದ್ದಾರೆ, ಪಾಸೂ ಆಗುತ್ತಿದ್ದಾರೆ. ಅವರಿಗೆ ಅರ್ಥವಾಗುತ್ತಿದೆಯೇ ಎಂದು ಕೇಳುವುದು ನಮ್ಮ ಕಾಲದ ಕೆಲಸ. ಈ ವರ್ಷ ಪ್ರತಿ ಶಾಲೆಯಲ್ಲಿ ಎಂಟನೇ ತರಗತಿಯಿಂದಲೇ ತಿಂಗಳಿಗೆ ಒಂದು ಪೀರಿಯಡ್ ಇದಕ್ಕಾಗಿ ಮೀಸಲಿಡೋಣ ಎಂದು ವಿನಂತಿಸುತ್ತೇನೆ.