ಅರಿವೆಯ ಮರುಹುಟ್ಟು

(ಶ್ರೀಮಠದ ಅಮೃತಮಹೋತ್ಸವದ ಕಾಯಕಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ಜವಳಿಯ ಉದ್ಯೋಗವನ್ನು ಕುರಿತು ಒಂದೆರಡು ಮಾತುಗಳನ್ನು ಬಿನ್ನವಿಸಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ನೂಲುವ, ನೇಯುವ ವಿಷಯವನ್ನು ನೇಕಾರ ಬಂಧುಗಳೇ ತುಂಬಿರುವ ಈ ಸಭೆಗೆ ನಾನು ಹೇಳಹೊರಟರೆ ಅಧಿಕಪ್ರಸಂಗವಾದೀತು. ಆದಕಾರಣ ನೇಯ್ದ ಅರಿವೆಯು ಹರಿದ ಮೇಲೆ ಏನಾಗುತ್ತದೆ, ಏನಾಗಬಲ್ಲದು ಎಂಬಷ್ಟನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಜೇಡರ ದಾಸಿಮಯ್ಯನವರ ಮಗ್ಗವನ್ನು ನಾವು ಪ್ರತಿವರ್ಷವೂ ಸ್ಮರಿಸುತ್ತೇವೆ. ಅಂಥ ಮಗ್ಗದಿಂದ ಇಳಿದ ಬಟ್ಟೆಯು ಕಟ್ಟಕಡೆಗೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ಕಡಮೆ.

ಹಿಂದೆ ಹಾಗೆ ಕೇಳುವ ಕಾರಣವೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಸೀರೆಯು ಸವೆದರೆ ತೊಟ್ಟಿಲಿಗೆ ಹಾಸಿಗೆಯಾಗುತ್ತಿತ್ತು. ಧೋತರವು ಹರಿದರೆ ಮೈಯೊರಸುವ ವಸ್ತ್ರವಾಗುತ್ತಿತ್ತು. ಉಳಿದ ತುಂಡುಗಳೆಲ್ಲ ಪದರಪದರವಾಗಿ ಕೌದಿಯೊಳಗೆ ಸೇರುತ್ತಿದ್ದವು. ಕೌದಿಯೂ ಜೂಲಾದ ಮೇಲೆ ಅದರ ಎಳೆಯು ದೀಪದ ಬತ್ತಿಯಾಗಿ ಉರಿದುಹೋಗುತ್ತಿತ್ತು. ಹತ್ತಿಯು ಹೊಲದಿಂದ ಬಂದು ಬೂದಿಯಾಗಿ ಹೊಲಕ್ಕೇ ಮರಳುತ್ತಿತ್ತು. ಈ ಕೆಲಸವನ್ನು ನಡೆಯಿಸಿದ ತಾಯಂದಿರಿಗೆ ಯಾವ ಸಭೆಯಲ್ಲಿಯೂ ಸನ್ಮಾನವಾದುದನ್ನು ನಾನು ಕಂಡಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನೆಯಬೇಕು. ಮಾರಯ್ಯನವರು ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಲ್ಲದೆ ಮರಳಿ ಕಳುಹಿಸಿದರೆಂದು ಹೇಳುತ್ತಾರೆ. ಬಿದ್ದುದನ್ನು ಆಯುವುದು ಈ ಕಥೆಯ ಒಂದು ಭಾಗ. ಬೇಕಾದುದಕ್ಕಿಂತ ಹೆಚ್ಚು ತಾರದಿರುವುದು ಇನ್ನೊಂದು ಭಾಗ. ಇಂದಿನ ಲೋಕದ ಜವಳಿ ವ್ಯಾಪಾರವು ಮೊದಲನೆಯದನ್ನು ಯಂತ್ರದಿಂದ ಕಲಿಯುತ್ತಿದೆ. ಎರಡನೆಯದರ ಮಾತನ್ನು ಅದು ಎತ್ತುವುದಿಲ್ಲ.

ಯಂತ್ರದ ಕಥೆಯು ಇಂಗ್ಲಂಡದ ಯಾರ್ಕ್‌ಶಾಯರ್ ಸೀಮೆಯ ಬ್ಯಾಟ್ಲಿ ಎಂಬ ಊರಿನಲ್ಲಿ ಆರಂಭವಾಗುತ್ತದೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಉಣ್ಣೆಯ ಅಭಾವವಾಗಿ, 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತನು ಹಳೆಯ ಉಣ್ಣೆಯ ಚಿಂದಿಗಳನ್ನು ಹಲ್ಲುಗಳುಳ್ಳ ಉರುಳೆಯಿಂದ ಹಿಂಜಿ, ಬಂದ ನಾರಿಗೆ ಹೊಸ ಉಣ್ಣೆಯನ್ನು ಕೂಡಿಸಿ ನೂಲುವ ಬಗೆಯನ್ನು ಕಂಡುಹಿಡಿದನು. ಇದಕ್ಕೆ ‘ಶಾಡಿ’ ಎಂದು ಹೆಸರಾಯಿತು. ಬಡವರಿಗೆ ಬೆಚ್ಚನೆಯ ಅಂಗಿಯು ಅಗ್ಗವಾಗಿ ದೊರೆತುದು ಇದರಿಂದಲೇ. ಆದರೆ 1861ರಿಂದ 1865ರವರೆಗೆ ನಡೆದ ಅಮೇರಿಕದ ಅಂತರ್ಯುದ್ಧದಲ್ಲಿ ಲಾಭಬಡುಕ ಗುತ್ತಿಗೆದಾರರು ಇದೇ ಬಗೆಯ ಅರಿವೆಯಿಂದ ಸಿಪಾಯಿಗಳಿಗೆ ಅಂಗಿ ಹೊಲಿಸಿಕೊಟ್ಟರು. ಅವು ಕೆಲವೇ ದಿನಗಳಲ್ಲಿ ಮೈಮೇಲೆಯೇ ಚಿಂದಿಯಾದವು. ಅಂದಿನಿಂದ ಇಂಗ್ಲಿಷಿನಲ್ಲಿ ‘ಶಾಡಿ’ ಎಂದರೆ ಕಳಪೆ ಕೆಲಸವೆಂದೇ ಅರ್ಥ ನಿಂತುಹೋಯಿತು. ಒಂದು ಒಳ್ಳೆಯ ಕಾಯಕದ ಹೆಸರನ್ನು ಗುತ್ತಿಗೆದಾರರು ಹೀಗೆ ಕೆಡಿಸಿದರು.

ಈ ಹಿಂಜುವ ಪದ್ಧತಿಯ ಗುಟ್ಟನ್ನೂ ಕುಂದನ್ನೂ ತಿಳಿದುಕೊಳ್ಳುವುದು ಅವಶ್ಯ. ಬಟ್ಟೆಯನ್ನು ಯಂತ್ರದ ಹಲ್ಲಿಗೆ ಕೊಟ್ಟಾಗ ಎಳೆಯು ಬಿಚ್ಚುವುದರ ಸಂಗಡ ನಾರೂ ತುಂಡಾಗುತ್ತದೆ. ನೂಲಿನ ಬಲವು ನಾರಿನ ಉದ್ದದಲ್ಲಿದೆಯೆಂಬುದು ನಿಮಗೆಲ್ಲ ಗೊತ್ತು. ಆದುದರಿಂದ ಮರುಹುಟ್ಟಿನ ನೂಲು ಮೊದಲಿನದಕ್ಕಿಂತ ಒರಟು. ಹೊಸ ನಾರಿನ ಆಸರೆಯಿಲ್ಲದೆ ಅದು ಸಾಮಾನ್ಯವಾಗಿ ನಿಲ್ಲಲಾರದು. ಇಟಲಿಯ ಪ್ರಾಟೋ ನಗರದವರು ಇದನ್ನು ಒಂದು ಕಲೆಯಾಗಿಯೇ ಬೆಳೆಸಿದ್ದಾರೆ. ಅಲ್ಲಿ ಚಿಂದಿ ವಿಂಗಡಿಸುವವರು ಉಣ್ಣೆಯನ್ನು ಬಣ್ಣಬಣ್ಣವಾಗಿ ಬೇರ್ಪಡಿಸುವುದರಿಂದ ಅನೇಕ ವೇಳೆ ನೂಲಿಗೆ ಪುನಃ ಬಣ್ಣ ಹಾಕುವ ಪ್ರಮೇಯವೇ ಬರುವುದಿಲ್ಲ. ಬಣ್ಣದ ಮಡಕೆಯ ನೀರು, ಕಟ್ಟಿಗೆ, ವಿಷ ಎಲ್ಲವೂ ಉಳಿಯುತ್ತವೆ.

ನಮ್ಮ ದೇಶದಲ್ಲಿ ಈ ಉದ್ಯೋಗದ ರಾಜಧಾನಿಯು ಹರಿಯಾಣದ ಪಾಣಿಪತ್ತು. ಯುರೋಪು ಅಮೇರಿಕಗಳವರು ತೊಟ್ಟು ಬಿಟ್ಟ ಉಡುಪುಗಳು ಕಾಂಡಲಾ ಬಂದರದಲ್ಲಿ ಇಳಿದು, ಮತ್ತೆ ತೊಡಲು ಬಾರದಂತೆ ಕತ್ತರಿಸಲ್ಪಟ್ಟು ಅಲ್ಲಿಗೆ ಹೋಗುತ್ತವೆ. ಹೆಂಗಸರು ಈಳಿಗೆಯಂಥ ಅಲಗಿನ ಮುಂದೆ ಕುಳಿತು ಗುಂಡಿ, ಜಿಪ್ಪು, ಅಸ್ತರಗಳನ್ನು ಕೊಯ್ದು ತೆಗೆಯುತ್ತಾರೆ. ಭೂಕಂಪವೋ ಮಹಾಪೂರವೋ ಬಂದಾಗ ನಿರಾಶ್ರಿತರಿಗೆ ಹಂಚುವ ಅಗ್ಗದ ಕಂಬಳಿಗಳು ಬಹುಕಾಲ ಅಲ್ಲಿಂದಲೇ ಹೋಗುತ್ತಿದ್ದವು. ಈಗ ಅಲ್ಲಿ ಹತ್ತಿ ಪಾಲಿಯೆಸ್ಟರುಗಳ ಮರುನೂಲಿನ ಕೆಲಸವು ಹೆಚ್ಚಿದೆ. ಇದನ್ನು ಹೊಗಳುವವರು ಅಲ್ಲಿಯ ಧೂಳಿಯ ಮಾತನ್ನೂ ಆಡಬೇಕು. ಚಿಂದಿ ಹಿಂಜುವ ಕೋಣೆಯಲ್ಲಿ ಹಾರುವ ನಾರಿನ ಧೂಳಿಯು ಕೂಲಿಕಾರರ ಪುಪ್ಪುಸದಲ್ಲಿ ಕೂಡುತ್ತದೆ. ಭೂಮಿಯ ಭಾರವನ್ನು ಇಳಿಸಿ ಬಡವರ ಎದೆಯ ಮೇಲೆ ಹೇರುವ ಉದ್ಯೋಗಕ್ಕೆ ಕಾಯಕವೆಂಬ ಹೆಸರು ಸಲ್ಲದು. ಧೂಳಿಯನ್ನು ಎಳೆದುಕೊಳ್ಳುವ ಯಂತ್ರವನ್ನು ಕೂಡಿಸುವ ವೆಚ್ಚವನ್ನು ಬಟ್ಟೆಯ ಬೆಲೆಯಲ್ಲಿ ಹಿಡಿಯಲೇಬೇಕು.

ಇಷ್ಟೆಲ್ಲ ಇದ್ದೂ, ಲೋಕದಲ್ಲಿ ಉಡುಪಿಗೆಂದು ಬಳಕೆಯಾಗುವ ನಾರಿನಲ್ಲಿ ಮತ್ತೆ ಉಡುಪಾಗುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆಯೆಂದು ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನವು 2017ರಲ್ಲಿ ಲೆಕ್ಕ ಹಾಕಿತು. ಏಕೆ ಹೀಗೆ? ಮುಖ್ಯ ಕಾರಣಗಳಲ್ಲಿ ಒಂದು ಬೆರಕೆ. ಹತ್ತಿಯನ್ನೂ ಪಾಲಿಯೆಸ್ಟರನ್ನೂ ನೂಲುವಾಗಲೇ ಬೆರೆಸಿದ ಟೆರಿಕಾಟಿನಂಥ ಬಟ್ಟೆಯಲ್ಲಿ ಅವೆರಡನ್ನು ಯಾವ ಕತ್ತರಿಯೂ ಬೇರೆ ಮಾಡಲಾರದು. ಹತ್ತಿಯು ಕರಗುವ ದ್ರವ ಬೇರೆ, ಪಾಲಿಯೆಸ್ಟರು ಕರಗುವ ಶಾಖ ಬೇರೆ. ಒಂದರ ಮರುಹುಟ್ಟಿಗೆ ಇನ್ನೊಂದು ಅಡ್ಡಿ.

ಬೆರಕೆ ಹೊಸದೇನಲ್ಲ, ನಮ್ಮ ಇಳಕಲ್ಲ ಸೀರೆಯಲ್ಲಿಯೂ ಹತ್ತಿ ರೇಶಿಮೆಗಳು ಕೂಡಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಅಲ್ಲಿ ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಶಿಮೆಯದು. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದೊಂದು ನಾರು ತನ್ನ ತನ್ನ ಎಳೆಯಲ್ಲಿ ನಿಂತಿದೆ. ಸೀರೆ ಹಳತಾದರೆ ಸೆರಗನ್ನು ಕೊಯ್ದು ಕುಬಸ ಹೊಲಿಸಬಹುದು, ಮೈಯನ್ನು ಕೌದಿಗೆ ಹಾಕಬಹುದು. ಕೂಡಿಯೂ ಬೇರೆಯಾಗಬಲ್ಲ ಈ ಜಾಣ್ಮೆಯನ್ನು ಇಂದು ಪಶ್ಚಿಮದ ವಿನ್ಯಾಸಗಾರರು ಹೊಸ ತತ್ತ್ವವೆಂಬಂತೆ ಬೋಧಿಸುತ್ತಿದ್ದಾರೆ.

ಬೆರಕೆಯನ್ನು ಬೇರ್ಪಡಿಸುವ ಯತ್ನಗಳೂ ನಡೆದಿವೆ. ಹಾಂಗ್‌ಕಾಂಗಿನ ಜವಳಿ ಸಂಶೋಧನಾಲಯದವರು 2017ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಶಾಖ, ನೀರು, ಒತ್ತಡ ಮತ್ತು ಸ್ವಲ್ಪ ರಾಸಾಯನಿಕದಿಂದ ಹತ್ತಿಯು ಪುಡಿಯಾಗಿ ಉದುರುತ್ತದೆ, ಪಾಲಿಯೆಸ್ಟರು ನಾರಾಗಿಯೇ ಉಳಿಯುತ್ತದೆ. ಶುದ್ಧ ಹತ್ತಿಯ ಚಿಂದಿಗಾದರೆ ಇದಕ್ಕಿಂತ ಉತ್ತಮವಾದ ದಾರಿಯುಂಟು. ಹತ್ತಿಯೂ ಮರದ ತಿರುಳೂ ಮೂಲದಲ್ಲಿ ಸೆಲ್ಯುಲೋಸ್ ಎಂಬ ಒಂದೇ ವಸ್ತು. ಮರದ ತಿರುಳನ್ನು ಕರಗಿಸಿ ಸಣ್ಣ ರಂಧ್ರಗಳಿಂದ ಎಳೆದು ರೇಯಾನ್ ಮಾಡುವಂತೆ, ಹಳೆಯ ಹತ್ತಿಯನ್ನೂ ಕರಗಿಸಿ ಹೊಸ ಉದ್ದನೆಯ ಎಳೆ ತೆಗೆಯಬಹುದು. ಹಿಂಜಿದಾಗ ಬರುವ ತುಂಡುನಾರಿನ ಕುಂದು ಇಲ್ಲಿ ಇಲ್ಲ.

ಈ ಮಾತು ನಮ್ಮ ನಾಡಿಗೆ ಹತ್ತಿರದ್ದು. ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ರೇಯಾನಿಗಾಗಿ ಮರದ ತಿರುಳನ್ನು ತೆಗೆಯುವ ಕಾರಖಾನೆಯು ಸ್ಥಾಪಿತವಾಯಿತು. ಹೊಳೆಯ ನೀರು ಕೆಟ್ಟಿತೆಂದು ದಂಡೆಯ ಹಳ್ಳಿಗರು ದೂರಿದರು. 1984ರಲ್ಲಿ ಆ ಕಾರಖಾನೆಯೂ ಸರಕಾರವೂ ಕೂಡಿದ ಸಂಸ್ಥೆಯೊಂದು ಹುಟ್ಟಿ, ದನ ಮೇಯುವ, ಕಟ್ಟಿಗೆ ಆಯುವ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿಯನ್ನು ನೆಡಲು ಹೊರಟಿತು. 1987ರ ನವೆಂಬರ 14ರಂದು ಕುಸನೂರಿನಲ್ಲಿ ರೈತರು ಆ ಸಸಿಗಳನ್ನು ಕಿತ್ತು, ಜನಕ್ಕೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವೆಂದು ಅದನ್ನು ಈ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಅರಿವೆಗಾಗಿ ಗೋಮಾಳ ಹೋಗುವುದೆಂದರೇನೆಂಬುದನ್ನು ಕಂಡವರು ನಾವು. ಹರಿದ ಹತ್ತಿಯಿಂದಲೇ ತಿರುಳು ದೊರೆಯುವಷ್ಟು ಮಟ್ಟಿಗೆ ಮರದ ಹಂಗು ತಪ್ಪುತ್ತದೆ. ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಯಿಸಲು ಸ್ವೀಡನ್ ದೇಶದ ಸುಂಡ್ಸ್‌ವಾಲ್ ಪಟ್ಟಣದಲ್ಲಿ ‘ರಿನ್ಯೂಸೆಲ್’ ಎಂಬ ಕಂಪನಿಯು 2022ರಲ್ಲಿ ಕಾರಖಾನೆ ತೆರೆಯಿತು. ಹಳೆಯ ಹತ್ತಿಯು ತಿರುಳಾಗಿ ಹೊರಬಂದಿತು, ವಿದ್ಯೆ ಫಲಿಸಿತು. ಆದರೂ 2024ರ ಫೆಬ್ರುವರಿಯಲ್ಲಿ ಕಂಪನಿಯು ದಿವಾಳಿಯೆದ್ದಿತು. ನಿರೀಕ್ಷಿಸಿದಷ್ಟು ಬೇಡಿಕೆ ಬರಲಿಲ್ಲ. ಅದೇ ವರ್ಷ ಬೇರೆ ಒಡೆಯರು ಅದನ್ನು ಕೊಂಡು ಹೊಸ ಹೆಸರಿಟ್ಟರು. ಮರುಬಳಕೆಯನ್ನು ಮೆಚ್ಚಿ ಮಾತನಾಡುವವರು ಬಹಳ, ಅದಕ್ಕಾಗಿ ನಾಲ್ಕು ಕಾಸು ಹೆಚ್ಚು ಕೊಡುವವರು ವಿರಳ ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ತಿಳಿಯದು.

ನೀರಿನ ಬಾಟಲಿಗಳನ್ನು ಕರಗಿಸಿ ಅಂಗಿ ಮಾಡುವ ಸುದ್ದಿಯನ್ನು ನೀವು ಕೇಳಿರುವಿರಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಅಂಥದೊಂದು ಜಾಕೀಟನ್ನು ಪ್ರಧಾನಮಂತ್ರಿಗಳಿಗೆ ಅರ್ಪಿಸಲಾಯಿತು. ಕೆಲಸ ಒಳ್ಳೆಯದೇ. ಆದರೆ ಬಾಟಲಿಯು ಮತ್ತೆ ಬಾಟಲಿಯಾಗಬಲ್ಲದು, ಅಂಗಿಯಾದ ಮೇಲೆ ಹಿಂದಿರುಗುವ ದಾರಿ ಬಹಳ ಕಿರಿದು. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ಕಿನ ಎಳೆಗಳು ನೀರಿಗೆ ಸೇರುತ್ತವೆ. ಇದನ್ನು ಅರಿವೆಯ ಮರುಹುಟ್ಟೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಇನ್ನು ಶ್ರೀಮಠದ ವಿಷಯ. ಈ ಉತ್ಸವದಲ್ಲಿ ನಡೆದ ಸನ್ಮಾನಗಳಲ್ಲಿ ಹೊದಿಸಿದ ಶಾಲುಗಳು ಬಹುತೇಕ ಕೃತಕ ನಾರಿನವು. ಛಳಿಗೆ ಹೊದೆಯಲು ಬಾರವು, ಬೆವರಿಗೆ ಒರಸಲು ಬಾರವು. ಒಂದು ಕೊರಳಿನಿಂದ ಇನ್ನೊಂದು ಕೊರಳಿಗೆ ಸಂಚರಿಸಿ ಕಡೆಗೆ ಟ್ರಂಕಿನಲ್ಲಿ ಐಕ್ಯವಾಗುತ್ತವೆ. ಲಕ್ಕಮ್ಮನವರು ಕಂಡಿದ್ದರೆ ಮರಳಿ ಕಳುಹಿಸುತ್ತಿದ್ದರು. ಶಾಲಿನ ಬದಲು ಕೈಮಗ್ಗದ ಹತ್ತಿಯ ಒಂದು ವಸ್ತ್ರವನ್ನು ಕೊಡುವ ಪದ್ಧತಿಯನ್ನು ಶ್ರೀಗಳವರು ಅಪ್ಪಣೆ ಮಾಡಿದರೆ, ಮಗ್ಗಕ್ಕೂ ಕೆಲಸವಾಗುತ್ತದೆ, ವಸ್ತ್ರವೂ ಬಳಕೆಯಾಗುತ್ತದೆ. ನಮ್ಮ ಉಚಿತ ಪ್ರಸಾದನಿಲಯದ ಮಕ್ಕಳ ಸಮವಸ್ತ್ರವು ಇದಕ್ಕಿಂತ ಕಠಿನವಾದ ಪ್ರಶ್ನೆ. ಬೆರಕೆಯ ಬಟ್ಟೆಯು ಬಾಳುತ್ತದೆ, ಇಸ್ತ್ರಿ ಬೇಡುವುದಿಲ್ಲ, ಅಗ್ಗವಾಗಿದೆ. ಬಡ ಮಕ್ಕಳನ್ನು ಸಾಕುವ ಮಠಕ್ಕೆ ಇವು ಸಣ್ಣ ಕಾರಣಗಳಲ್ಲ. ಆದರೂ ಅಂಗಿಯ ಮಟ್ಟಿಗಾದರೂ ಶುದ್ಧ ಹತ್ತಿಯನ್ನು ಆರಿಸಬಹುದೆಂದು ನನ್ನ ಅಭಿಪ್ರಾಯ. ಹರಿದ ಹತ್ತಿಯಂಗಿಯು ಕೈಕಾಗದಕ್ಕಾದರೂ ಆಗುತ್ತದೆ, ಕೌದಿಗಾದರೂ ಆಗುತ್ತದೆ.

ಬಟ್ಟೆಯನ್ನು ಪರೀಕ್ಷಿಸಲು ಯಂತ್ರವೇನೂ ಬೇಡ. ಮಾದರಿಯ ತುಂಡಿನಿಂದ ಒಂದೆಳೆಯನ್ನು ಕಿತ್ತು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆ ರೇಶಿಮೆಗಳು ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರು ಮುದುಡಿ ಕರಗಿ ಗಟ್ಟಿಯಾದ ಕರಿಯ ಮಣಿಯಾಗುತ್ತದೆ. ಬೆರಕೆಯಾದರೆ ಬೂದಿಯೊಳಗೆ ಆ ಮಣಿ ಬೆರಳಿಗೆ ಸಿಕ್ಕುತ್ತದೆ. ಮುಂದಿನ ವರ್ಷದ ಅಂಗಿಗಳ ಅರಿವೆಯನ್ನು ಕೊಳ್ಳುವ ಮೊದಲು ಪ್ರಸಾದನಿಲಯದ ಕಮಿಟಿಯವರು ಈ ಪರೀಕ್ಷೆಯನ್ನು ಹುಡುಗರ ಎದುರಿಗೇ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.