ಕೂದಲು ಮರಳಿ ಬಾರದಿದ್ದಾಗ



ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಕೂದಲು ಬರುತ್ತದೆಂದು ವೈದ್ಯರಾದ ನಾವೇ ಧೈರ್ಯ ಹೇಳಿರುತ್ತೇವೆ. ಬಹಳಷ್ಟು ಜನರಿಗೆ 2-3 ತಿಂಗಳಲ್ಲಿ ಚಿಗುರುವುದೂ ನಿಜ. ಆದರೆ ಕೆಲವರಿಗೆ 6 ತಿಂಗಳು ಕಳೆದರೂ ಪೂರ್ತಿ ಬರುವುದಿಲ್ಲ. ಡೋಸಿಟ್ಯಾಕ್ಸೆಲ್‌ನಂಥ ಔಷಧ ಅಥವಾ ತಲೆಗೆ ಕೊಟ್ಟ ವಿಕಿರಣ ಕೂದಲಿನ ಬೇರನ್ನೇ ಘಾಸಿಗೊಳಿಸಿರಬಹುದು. ಇದು ನಿಮ್ಮ ತಪ್ಪಲ್ಲ. ಕಾಯಿಲೆ ಮರುಕಳಿಸಿದೆ ಎಂಬ ಅರ್ಥವೂ ಅಲ್ಲ.

ಸಂಕೋಚ ಬಿಟ್ಟು ವೈದ್ಯರಿಗೆ ತಿಳಿಸಿರಿ. ಥೈರಾಯ್ಡ್ ದೋಷ, ಕಬ್ಬಿಣಾಂಶದ ಕೊರತೆ ಇದ್ದರೆ ಸರಿಪಡಿಸಬಹುದು. ತಲೆಗೆ ಹಚ್ಚುವ ಮಿನಾಕ್ಸಿಡಿಲ್‌ನಿಂದ ಕೆಲವರಿಗೆ ಸ್ವಲ್ಪ ಗುಣ ಕಾಣುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ ಹಚ್ಚಿರಿ. ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆಯಿಂದಲೂ ಕೂದಲು ತೆಳುವಾಗಬಹುದು. ಆದರೂ ಅದನ್ನು ನೀವಾಗಿಯೇ ನಿಲ್ಲಿಸಬೇಡಿರಿ, ಕಾಯಿಲೆ ಮರಳದಂತೆ ಕಾಯುವ ಮಾತ್ರೆ ಅದು. ಬಿಸಿಲಿಗೆ ಹೋಗುವಾಗ ತಲೆಯ ಮೇಲೆ ಸೆರಗು, ಹತ್ತಿಬಟ್ಟೆ ಇಲ್ಲವೆ ಟೊಪ್ಪಿಗೆ ಇರಲಿ.

ಮನೆಯವರಿಗೂ ಒಂದು ಮಾತು. ‘ಜೀವ ಉಳಿಯಿತಲ್ಲ, ಕೂದಲಿನದೇನು?’ ಎನ್ನಬೇಡಿರಿ. ಬದುಕಿದ ಸಂತೋಷ, ಕೂದಲು ಹೋದ ದುಃಖ ಎರಡೂ ಒಂದೇ ಮನಸ್ಸಿನಲ್ಲಿರುತ್ತವೆ. ಮದುವೆ-ಜಾತ್ರೆಗೆ ಹೊರಟಾಗ ಅವರನ್ನು ಮನೆಯಲ್ಲಿ ಬಿಡಬೇಡಿರಿ. ಬೋಳುತಲೆ ಅಪಶಕುನವೆಂದು ಯಾರಾದರೂ ಆಡಿಕೊಂಡರೆ ಉತ್ತರ ನೀವು ಕೊಡಿರಿ. ವಿಗ್ ಬೇಕೋ, ಸೆರಗು ಸಾಕೋ ಎಂಬುದನ್ನು ಅವರೇ ತೀರ್ಮಾನಿಸಲಿ. ಅರಿಶಿನ-ಕುಂಕುಮಕ್ಕೆ ಮೊದಲಿನಂತೆಯೇ ಕರೆಯಿರಿ.