ಹಳೆಯ ಗುಡ್ಡ ಕುಸಿತವನ್ನು ಗುರುತಿಸುವುದು ಹೇಗೆ?



ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಓಸೊ ಎಂಬ ಸಣ್ಣ ಊರಿದೆ. 2014ರ ಮಾರ್ಚ್ 22ರ ಬೆಳಿಗ್ಗೆ ಅದರ ಸಮೀಪದ ಗುಡ್ಡ ಕುಸಿದು, ನದಿಯನ್ನೂ ದಾಟಿ ಎದುರು ದಡದ ಮನೆಗಳ ಮೇಲೆ ಹರಿಯಿತು. 43 ಮಂದಿ ಮೃತಪಟ್ಟರು. ಅದೇ ಗುಡ್ಡ 1967ರಲ್ಲೂ 2006ರಲ್ಲೂ ಜರಿದದ್ದು ದಾಖಲೆಯಲ್ಲಿತ್ತು. ಆದರೆ ಆ ಕಣಿವೆಯಲ್ಲಿ ಸಾವಿರಾರು ವರ್ಷಗಳಿಂದ ನಡೆದ ಇನ್ನೂ ದೊಡ್ಡ ಕುಸಿತಗಳು ಕಾಡಿನಡಿ ಮುಚ್ಚಿಹೋಗಿದ್ದವು.

ಅವುಗಳನ್ನು ತೋರಿಸಿಕೊಟ್ಟದ್ದು ಲೈಡಾರ್. ವಿಮಾನದಿಂದ ಲೇಸರ್ ಕಿರಣಗಳನ್ನು ಕೆಳಗೆ ಬಿಡುತ್ತಾರೆ. ಹೆಚ್ಚಿನವು ಎಲೆಗೆ ತಾಗಿ ಮರಳುತ್ತವೆ. ಕೆಲವು ಎಲೆಗಳ ಸಂದಿಯಿಂದ ನುಸುಳಿ ನೆಲ ಮುಟ್ಟುತ್ತವೆ. ಕಂಪ್ಯೂಟರಿನಲ್ಲಿ ಮರಗಳನ್ನು ಕಳೆದುಬಿಟ್ಟರೆ ಬರಿಯ ನೆಲ ಉಳಿಯುತ್ತದೆ. ಆಗ ಮೇಲೆ ಕಚ್ಚಿ ತೆಗೆದಂತಹ ಕಮಾನು, ಕೆಳಗೆ ಉಬ್ಬುತಗ್ಗಿನ ಮಣ್ಣಿನ ರಾಶಿ ಕಾಣುತ್ತವೆ.

ಆಗತಾನೇ ಉತ್ತ ಗದ್ದೆಯನ್ನೂ ಒಂದು ಮಳೆಗಾಲ ಕಂಡ ಗದ್ದೆಯನ್ನೂ ಹೋಲಿಸಿ ನೋಡಿ. ಹೊಸ ಕುಸಿತ ಒರಟು. ವರ್ಷಗಳು ಉರುಳಿದಂತೆ ಮಳೆ ಅದನ್ನು ಸವೆಸಿ ನಯಗೊಳಿಸುತ್ತದೆ. ಈ ಒರಟುತನವನ್ನೇ ಅಳೆದು, ಮಣ್ಣಿನಲ್ಲಿ ಹೂತ ಮರದ ತುಂಡಿನ ವಯಸ್ಸಿನೊಡನೆ ತಾಳೆ ನೋಡಿದ ವಿಜ್ಞಾನಿಗಳು, ಅಲ್ಲಿ ಸರಾಸರಿ 140ರಿಂದ 500 ವರ್ಷಕ್ಕೊಂದು ಕುಸಿತವಾಗಿದೆಯೆಂದು 2016ರಲ್ಲಿ ಪ್ರಕಟಿಸಿದರು.

ತೀರಾ ಸವೆದ ಕುಸಿತದಲ್ಲಿ ಮಾತ್ರ ಕಣ್ಣು ಮೋಸಹೋಗುತ್ತದೆ. ಹಳ್ಳ ಕೊರೆದ ತಗ್ಗೂ ಹಾಗೆಯೇ ಕಾಣಬಹುದು. ಆಗ ನೆಲದ ಕಂಪನವನ್ನು ಆಲಿಸಬೇಕು. ಒಂದು ವಿಧಾನದಲ್ಲಿ, ನೆಲದ ಮೇಲಿಟ್ಟ ಕಬ್ಬಿಣದ ಹಲಗೆಗೆ ದೊಡ್ಡ ಸುತ್ತಿಗೆಯಿಂದ ಹೊಡೆದು, ಸಾಲಾಗಿ ನೆಟ್ಟ ಜಿಯೋಫೋನುಗಳಿಗೆ ಅಲೆ ಎಷ್ಟು ಹೊತ್ತಿಗೆ ತಲುಪಿತೆಂದು ಅಳೆಯುತ್ತಾರೆ. ಸಡಿಲ ಮಣ್ಣಿನಲ್ಲಿ ಅಲೆ ನಿಧಾನ, ಗಟ್ಟಿ ಬಂಡೆಯಲ್ಲಿ ವೇಗ. ಇನ್ನೊಂದಕ್ಕೆ ಸುತ್ತಿಗೆಯೂ ಬೇಡ. ಗಾಳಿ, ಕಡಲಲೆ, ವಾಹನಗಳಿಂದ ನೆಲ ಸದಾ ಸೂಕ್ಷ್ಮವಾಗಿ ನಡುಗುತ್ತಿರುತ್ತದೆ. ಬಂಡೆಯ ಮೇಲಿನ ಮೆತ್ತನೆಯ ಪದರ ತನ್ನದೇ ಆವರ್ತನದಲ್ಲಿ ಹೆಚ್ಚು ಅಲುಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ: ಆ ಪದರದಲ್ಲಿ ಅಡ್ಡ ಅಲುಗಾಟದ ಅಲೆಯ ವೇಗ ಸೆಕೆಂಡಿಗೆ 400 ಮೀಟರ್, ಆವರ್ತನ 5 ಹರ್ಟ್ಸ್ ಇದ್ದರೆ, ವೇಗವನ್ನು ಆವರ್ತನದ ನಾಲ್ಕು ಪಟ್ಟಿನಿಂದ ಭಾಗಿಸಿ. ಪದರದ ದಪ್ಪ 20 ಮೀಟರ್.

ಆದರೆ ದಪ್ಪ ಪದರ ಸಿಕ್ಕಿತೆಂದರೆ ಕುಸಿತವೇ ಎಂದು ಹೇಳಿಬಿಡುವಂತಿಲ್ಲ. ನಮ್ಮ ಘಟ್ಟಗಳಲ್ಲಿ ಬಂಡೆ ನಿಂತಲ್ಲೇ ಕೊಳೆತು ದಪ್ಪ ಮಣ್ಣಾಗಿರುತ್ತದೆ, ಅದೂ ಮೆತ್ತಗೆಯೇ. ನೆಲದ ಆಕಾರ, ಕಂಪನ ಎರಡೂ ಒಂದೇ ಮಾತು ಹೇಳಬೇಕು, ಮತ್ತೆ ಕೊರೆದೂ ನೋಡಬೇಕು. ಇದಕ್ಕೆ ಖರ್ಚಿದೆ, ನಿಜ. 2024ರ ಜುಲೈ 30ರಂದು ಕುಸಿತಕ್ಕೆ ತುತ್ತಾದ ವಯನಾಡಿನ ಮುಂಡಕ್ಕೈಯಲ್ಲಿ 1984ರಲ್ಲೂ ಗುಡ್ಡ ಕುಸಿದು ಜೀವಹಾನಿಯಾಗಿತ್ತು ಎಂಬುದನ್ನು ನೆನೆದರೆ ಆ ಖರ್ಚು ದೊಡ್ಡದೆನಿಸದು.

ಓಸೊ ಕಣಿವೆಯ ಲೈಡಾರ್ ಸಮೀಕ್ಷೆ 2003ರಲ್ಲೇ ಆಗಿತ್ತು, 2013ರಲ್ಲಿ ಮತ್ತೊಮ್ಮೆ ಆಯಿತು. ಈ ನಡುವೆ, 2006ರ ಕುಸಿತದ ನಂತರವೂ, ಎದುರು ದಡದಲ್ಲಿ ಹೊಸ ಮನೆಗಳು ಏಳುತ್ತಲೇ ಇದ್ದವು.